ಕುಕಿ ಜನರ ಬೇಟೆಯ ಆಚರಣೆಗಳು

ಕುಕಿ ಎಂಬ ಹೆಸರು ನಮ್ಮಲ್ಲಿ ಬಹುಮಂದಿಯ ಕಿವಿಗೆ ಬಿದ್ದುದು 2023ನೆಯ ಇಸವಿಯ ಮೇ ತಿಂಗಳಿನಲ್ಲಿ, ಮಣಿಪುರದಲ್ಲಿ ಗಲಭೆ ಹೊತ್ತಿಕೊಂಡಾಗ. ಸುಟ್ಟ ಮನೆಗಳ ಚಿತ್ರಗಳನ್ನು ಪತ್ರಿಕೆಗಳಲ್ಲಿ ಕಂಡೆವು. ಆ ಜನರು ಹೇಗೆ ಬಾಳಿದವರು, ಏನನ್ನು ನಂಬಿದವರು ಎಂಬುದನ್ನು ಅರಿಯಲಿಲ್ಲ. ಒಂದು ಜನಾಂಗವನ್ನು ಅದರ ಸಂಕಟದಿಂದ ಮಾತ್ರವೇ ಅರಿಯುವುದು ಸರಿಯಾದ ಅರಿವಲ್ಲ. ಆದುದರಿಂದ ಅವರ ಪೂರ್ವಿಕರ ಬೇಟೆಯ ಆಚರಣೆಗಳನ್ನು ಕುರಿತು ನಾಲ್ಕು ಮಾತು ಬರೆಯುತ್ತಿದ್ದೇನೆ.

ಕುಕಿ ಎಂಬುದು ಒಂದೇ ಕುಲದ ಹೆಸರಲ್ಲ. ಮಣಿಪುರ ಮತ್ತು ಅದರ ಸುತ್ತಣ ಬೆಟ್ಟಗಳಲ್ಲಿ ನೆಲೆಸಿರುವ, ಒಂದಕ್ಕೊಂದು ಹತ್ತಿರದ ಭಾಷೆಗಳನ್ನಾಡುವ ಹಲವು ಕುಲಗಳಿಗೆ ಹೊರಗಿನವರು ಇಟ್ಟ ಹೆಸರದು. ಕಾಡನ್ನು ಕಡಿದು, ಸುಟ್ಟು, ಆ ಬೂದಿಯಲ್ಲಿ ಬಿತ್ತುವ ಝೂಮ್ ಬೇಸಾಯವೇ ಅವರ ಜೀವನಾಧಾರವಾಗಿತ್ತು. ಕಾಡುಹಂದಿ, ಜಿಂಕೆಗಳಿಂದ ಪೈರನ್ನು ಉಳಿಸಿಕೊಳ್ಳುವುದಕ್ಕೂ ಊಟಕ್ಕೂ ಬೇಟೆ ಅಗತ್ಯವಾಗಿದ್ದಿತು.

ಆದರೆ ಕೊಂದ ಪ್ರಾಣಿ ಕೊಂದವನೊಬ್ಬನದೇ ಆಗುತ್ತಿರಲಿಲ್ಲ. ಊರಿನ ಒಡೆಯನಿಗೆ ಒಂದು ಕಾಲು ಸಲ್ಲಬೇಕು. ಬೆನ್ನೆಲುಬಿನ ಬದಿಯ ಮಾಂಸವನ್ನು ವಂಶದಲ್ಲಿ ತನಗಿಂತ ಹಿರಿಯನಾದವನಿಗೆ ಒಪ್ಪಿಸಬೇಕು. ಇದಕ್ಕೆ 'ಸಾಟಿಂಗ್' ಎಂದು ಹೆಸರು. ಮಾಂಸದ ಈ ತುಂಡು ಚಿಕ್ಕದಾದರೂ ಅದರ ಅರ್ಥ ಚಿಕ್ಕದಲ್ಲ. ಯಾರು ಯಾರಿಗೆ ಹಿರಿಯರು, ಯಾವ ಮನೆ ಯಾವ ಮನೆಯಿಂದ ಕವಲೊಡೆಯಿತು ಎಂಬ ವಂಶಾವಳಿಯನ್ನು, ಬರಹವಿಲ್ಲದ ಕಾಲದಲ್ಲಿ, ಇಂತಹ ಪಾಲುಗಳೇ ನೆನಪಿನಲ್ಲಿಟ್ಟಿದ್ದುವು.

ದೊಡ್ಡ ಮೃಗಗಳನ್ನು ಹೊಡೆದ ಬೇಟೆಗಾರನು 'ಸಾ-ಐ' ಎಂಬ ಉತ್ಸವವನ್ನು ಮಾಡುತ್ತಿದ್ದನು. 'ಸಾ' ಎಂದರೆ ಪ್ರಾಣಿ. ಮಿಥುನ್ ಎಂಬ ಬೆಟ್ಟದ ದನವನ್ನು ಬಲಿಕೊಟ್ಟು ಊರಿಗೆಲ್ಲ ಔತಣವಿಡುವುದು ಅದರ ಮುಖ್ಯ ಅಂಗ. ಸತ್ತವರು ಸೇರುವ ಊರಿಗೆ 'ಮಿಥಿಖೊ' ಎಂದು ಹೆಸರು. ದಾರಿಯಲ್ಲಿ ಕುಲ್ಸಾಮ್ನು ಎಂಬ ಪಿಶಾಚಿ ಆತ್ಮಗಳನ್ನು ಕಾಡುತ್ತಾಳೆ. ಸಾ-ಐ ಮಾಡಿದವನನ್ನು ಮಾತ್ರ ಅವಳು ತಡೆಯಲಾರಳು ಎಂಬುದು ಹಿಂದಿನವರ ನಂಬಿಕೆ. ಹೆಂಗಸರಿಗೂ ಇದಕ್ಕೆ ಸಮನಾದ 'ಚಾಂಗ್-ಐ' ಉಂಟು. ಹೇರಳವಾಗಿ ಬತ್ತ ಬೆಳೆದ ಗೃಹಿಣಿ ಮಾಡುವ ಉತ್ಸವವದು. ಬೇಟೆಗಾರನ ಶೌರ್ಯಕ್ಕೂ ಬೇಸಾಯಗಾರ್ತಿಯ ಬೆವರಿಗೂ ಒಂದೇ ಬೆಲೆ ಕಟ್ಟಿದ ಈ ಸಮಾಜವನ್ನು ಅನಾಗರಿಕವೆನ್ನಲು ನನಗಂತೂ ಬಾಯಿ ಬಾರದು.

ಕುಕಿಗಳಿಗೆ ಸಮೀಪ ಬಂಧುಗಳಾದ ಲುಷಾಯಿಗಳಲ್ಲಿ ಹುಲಿಯನ್ನು ಕೊಂದಾಗ ನಡೆಯುತ್ತಿದ್ದ ವಿಧಿ ಇನ್ನೂ ವಿಚಿತ್ರ. ಅದನ್ನು ಜಾನ್ ಷೇಕ್ಸ್‌ಪಿಯರ್ ಎಂಬ ಬ್ರಿಟಿಷ್ ಅಧಿಕಾರಿ 1912ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ವಿಧಿಯನ್ನು ನಡೆಸುವವನು ಹೆಂಗಸಿನ ಉಡುಪು ತೊಟ್ಟು, ಹೆಂಗಸರ ಚಿಲುಮೆ ಸೇದುತ್ತಾ ಬರುವನು. ನೆರೆದವರೆಲ್ಲ ಬಿದ್ದು ಬಿದ್ದು ನಗುವರು; ಅವನು ಮಾತ್ರ ನಗಕೂಡದು. ಆಮೇಲೆ ಗಂಡಸಿನ ವೇಷದಲ್ಲಿ ಮರಳುವನು. ಕೊಂದ ಮೃಗದ ಆತ್ಮವು ಕೊಂದವನಿಗೆ ವಶವಾಗಬೇಕೆಂಬುದೇ ಈ ವಿಧಿಯ ಉದ್ದೇಶ. ಕೊಂದರೆ ಮುಗಿಯಿತೆಂದು ಅವರು ಭಾವಿಸಲಿಲ್ಲ. ಕೊಂದ ಮೇಲೆಯೇ ಹೊಣೆ ಆರಂಭವಾಗುತ್ತಿತ್ತು.

ಈಗ ಕಾಲ ಬದಲಾಗಿದೆ. ಇಪ್ಪತ್ತನೆಯ ಶತಮಾನದಲ್ಲಿ ಕುಕಿಗಳಲ್ಲಿ ಬಹುಪಾಲು ಜನರು ಕ್ರೈಸ್ತರಾದರು. ಹಳೆಯ ಬಲಿಗಳು ನಿಂತುವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ಅಪರಾಧವೆಂದಿತು. ಕಾಡೂ ಮೃಗಗಳೂ ಕುಗ್ಗಿರುವಾಗ ಆ ಕಾಯಿದೆ ನ್ಯಾಯವಾದದ್ದೇ. ಬೇಟೆ ಮರಳಲಿ ಎಂದು ನಾನು ಹೇಳುತ್ತಿಲ್ಲ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ಅಜ್ಜನಿಗೆ ತಿಳಿದಿದ್ದುದು ಯಾವ ಪುಸ್ತಕದಲ್ಲಿಯೂ ಇಲ್ಲ. ಅವರು ಹೋದಾಗ ಅದೂ ಹೋಯಿತು. ಆದುದರಿಂದಲೇ ದೂರದ ಬೆಟ್ಟದ ಜನರ ಈ ಸಂಗತಿಗಳನ್ನು ಓದುವಾಗ ನನಗೆ ಅವು ದೂರದವೆನಿಸಲಿಲ್ಲ. ಬೇಟೆ ನಿಂತರೂ ಚಿಂತೆಯಿಲ್ಲ, 'ದಕ್ಕಿದ್ದರಲ್ಲಿ ಇನ್ನೊಬ್ಬರ ಪಾಲುಂಟು' ಎಂಬ ಅದರ ಹಿಂದಿನ ನೀತಿ ನಿಲ್ಲದಿರಲಿ. ಪದವೀಧರರಾಗಿ ಹೊರಡಲಿರುವ ನಮಗೂ ಅದು ಒಪ್ಪುವ ಮಾತು.