ತಂಬೂರಿಯ ತಂತಿ ಮತ್ತು ಗಣಕಯಂತ್ರದ ಕಿವಿ

ಶಬ್ದವು ಆಕಾಶದ ಗುಣವೆಂದು ನಮ್ಮ ಪ್ರಾಚೀನರು ಎಣಿಸಿದ್ದರು. ಅದು ಗಾಳಿಯಲ್ಲಿ ಹರಡುವ ಕಂಪನವೆಂಬುದನ್ನು ಆಧುನಿಕ ವಿಜ್ಞಾನವು ತೋರಿಸಿಕೊಟ್ಟಿದೆ. ಒಂದು ಸೆಕೆಂಡಿನಲ್ಲಿ ನಡೆಯುವ ಕಂಪನಗಳ ಸಂಖ್ಯೆಗೆ ಆವೃತ್ತಿಯೆಂದು ಹೆಸರು; ಅದರ ಮಾನ ಹರ್ಟ್ಸ್. ಪಟ್ಟಕವು ಬೆಳಕನ್ನು ಬಣ್ಣಗಳಾಗಿ ಬಿಡಿಸುವಂತೆ, ಗಣಕಯಂತ್ರದ ತಂತ್ರಾಂಶವು ಧ್ವನಿಯನ್ನು ಆವೃತ್ತಿಗಳಾಗಿ ಬಿಡಿಸಿ ತೋರಿಸುತ್ತದೆ. ಇದೇ ಧ್ವನಿಯ ರೋಹಿತ. ರೋಹಿತವನ್ನು ನೋಡಿಕೊಂಡು, ಬೇಕಾದ ಆವೃತ್ತಿಯನ್ನು ಏರಿಸುವ, ಬೇಡವಾದುದನ್ನು ಇಳಿಸುವ ಸಾಧನವೇ ಈಕ್ವಲೈಸರ್. ಧ್ವನಿಮುದ್ರಣಕ್ಕೆ ಕೊನೆಯ ಸಂಸ್ಕಾರವನ್ನು ನೀಡುವ ಮಾಸ್ಟರಿಂಗ್ ಕಾರ್ಯದಲ್ಲಿ ಇವೆರಡೂ ಅನಿವಾರ್ಯ. ಪರಸ್ಪರ ಸಮೀಪದಲ್ಲಿರುವ ಎರಡು ಆವೃತ್ತಿಗಳನ್ನು ಇವು ಎಷ್ಟರ ಮಟ್ಟಿಗೆ ಬೇರೆ ಬೇರೆಯಾಗಿ ಗುರುತಿಸಬಲ್ಲವು? ಈ ಸಾಮರ್ಥ್ಯವನ್ನೇ ಪೃಥಕ್ಕರಣ ಶಕ್ತಿ ಎನ್ನಬಹುದು.

ಇದರ ಮೂಲತತ್ತ್ವವನ್ನು ತಂಬೂರಿ ಕೂಡಿಸುವವರು ಚೆನ್ನಾಗಿ ಬಲ್ಲರು. ಜೋಡಿ ತಂತಿಗಳೆರಡನ್ನು ಮೀಟಿದಾಗ ಅವುಗಳ ನಡುವೆ 1 ಹರ್ಟ್ಸ್ ಅಂತರವಿದ್ದರೆ ನಾದವು ಸೆಕೆಂಡಿಗೊಮ್ಮೆ ಏರಿ ಇಳಿಯುತ್ತದೆ. ಅಂತರವು ಕಾಲು ಹರ್ಟ್ಸ್ ಆದರೆ ಒಂದು ಏರಿಳಿತಕ್ಕೆ 4 ಸೆಕೆಂಡು ಬೇಕು. ಅಂದಮೇಲೆ ಅಂತರವು ಕಿರಿದಾದಷ್ಟೂ ಹೆಚ್ಚು ಹೊತ್ತು ಆಲಿಸಬೇಕು. ಗಣಕಯಂತ್ರವೂ ಈ ನಿಯಮಕ್ಕೆ ಹೊರತಲ್ಲ. ಆವೃತ್ತಿಯ ಸೂಕ್ಷ್ಮತೆಗೆ ತೆರಬೇಕಾದ ಬೆಲೆಯೆಂದರೆ ಕಾಲ.

ಫ್ರಾನ್ಸಿನ ಗಣಿತಜ್ಞ ಫೋರಿಯರನ ವಿಧಾನವನ್ನು ಗಣಕಯಂತ್ರಕ್ಕೆ ಶೀಘ್ರವಾಗಿ ಒಗ್ಗುವಂತೆ ಮಾಡಿದವರು ಕೂಲಿ ಮತ್ತು ಟೂಕಿ. ಅವರ ಪ್ರಬಂಧ ಪ್ರಕಟವಾದುದು 1965ರಲ್ಲಿ. ಸಿ.ಡಿ. ಮುದ್ರಣದಲ್ಲಿ ಪ್ರತಿ ಸೆಕೆಂಡಿಗೆ ಧ್ವನಿಯ 44,100 ಮಾದರಿಗಳಿರುತ್ತವೆ. ತಂತ್ರಾಂಶವು ಒಮ್ಮೆಗೆ 4,096 ಮಾದರಿಗಳನ್ನು ತೆಗೆದುಕೊಂಡರೆ ಅದು ಆಲಿಸಿದ ಕಾಲ ಸೆಕೆಂಡಿನ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ರೋಹಿತದ ಮನೆಗಳ ನಡುವಣ ಅಂತರ ಸುಮಾರು 10.8 ಹರ್ಟ್ಸ್. 32,768 ಮಾದರಿಗಳನ್ನು ತೆಗೆದುಕೊಂಡರೆ ಕಾಲ 0.74 ಸೆಕೆಂಡು, ಅಂತರ 1.35 ಹರ್ಟ್ಸ್. ಮೊದಲನೆಯ ಲೆಕ್ಕದಂತೆ 5,000ದಿಂದ 10,000 ಹರ್ಟ್ಸ್‌ವರೆಗಿನ ಸಪ್ತಕಕ್ಕೆ 460ಕ್ಕೂ ಮಿಕ್ಕಿ ಮನೆಗಳು ದೊರೆತರೆ, 50ರಿಂದ 100 ಹರ್ಟ್ಸ್‌ವರೆಗಿನ ಸಪ್ತಕಕ್ಕೆ ದೊರೆಯುವವು ನಾಲ್ಕೈದು ಮಾತ್ರ. ಆದುದರಿಂದ ಸಂಕಟವೆಲ್ಲ ಮಂದ್ರದಲ್ಲಿಯೇ.

ನಮ್ಮ ಸೀಮೆಯದೇ ಒಂದು ಉದಾಹರಣೆಯನ್ನು ನೋಡೋಣ. ಜೋಯಿಡಾ ತಾಲೂಕಿನ ಅಣಶಿಯ ಸುತ್ತಣ ಕಾಡನ್ನು ಬಳಸಿ ಹರಿಯುವ ಕಾಳಿ ನದಿಯು ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿ ವಿದ್ಯುತ್ತನ್ನು ನೀಡುತ್ತದೆ. ಈ ವಿದ್ಯುತ್ತಿನ ಆವೃತ್ತಿ, ದೇಶದ ಎಲ್ಲೆಡೆಯಂತೆ, 50 ಹರ್ಟ್ಸ್. ಹಳೆಯ ಟೇಪುಗಳಲ್ಲಿ ಕೇಳಿಬರುವ ಗುಂಯ್ ಎಂಬ ನಾದವು ಇದರದೇ. ಅದು 50ರಲ್ಲಷ್ಟೇ ಅಲ್ಲದೆ 100, 150, 200 ಹರ್ಟ್ಸ್‌ಗಳಲ್ಲಿಯೂ ಇರುತ್ತದೆ. ಇನ್ನು, ಗಾಯಕನ ಷಡ್ಜವು ಹಾರ್ಮೋನಿಯಮ್ಮಿನ ಕಪ್ಪು ಒಂದು, ಅಂದರೆ ಸುಮಾರು 138.6 ಹರ್ಟ್ಸ್ ಎಂದಿಟ್ಟುಕೊಳ್ಳಿ. ಆಗ ತಂಬೂರಿಯ ಪಂಚಮದ ತಂತಿ ಸುಮಾರು 104 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಗುಂಯ್‌ನಾದದ 100ಕ್ಕೂ ಪಂಚಮದ 104ಕ್ಕೂ ಇರುವ ಅಂತರ ಕೇವಲ 4 ಹರ್ಟ್ಸ್. 4,096 ಮಾದರಿಗಳ ರೋಹಿತದಲ್ಲಿ ಇವೆರಡೂ ಒಂದೇ ದಿಣ್ಣೆಯಾಗಿ ಕಾಣುತ್ತವೆ. 32,768ರಲ್ಲಿ ಎರಡು ಶಿಖರಗಳು ಸ್ಪಷ್ಟವಾಗಿ ಬೇರ್ಪಡುತ್ತವೆ. ಗೆರೆಯನ್ನು ನಯವಾಗಿ ಎಳೆದು ಚಿತ್ರವನ್ನು ಅಂದಗೊಳಿಸುವ ತಂತ್ರಾಂಶಗಳುಂಟು. ಆದರೆ ಆಲಿಸಿದ ಕಾಲ ಹೆಚ್ಚದೆ ಗೆರೆಯ ನಯದಿಂದ ಹೊಸ ತಿಳಿವು ಹುಟ್ಟದು.

ಈಕ್ವಲೈಸರಿಗೂ ಇದೇ ಕಟ್ಟುಪಾಡು. 31 ಪಟ್ಟಿಗಳ ಈಕ್ವಲೈಸರಿನಲ್ಲಿ 100 ಹರ್ಟ್ಸ್‌ನ ಪಟ್ಟಿಯು ಸುಮಾರು 89ರಿಂದ 112ರವರೆಗೆ ವ್ಯಾಪಿಸಿದೆ. ಅದನ್ನು ಇಳಿಸಿದರೆ ಗುಂಯ್‌ನಾದದೊಡನೆ ಪಂಚಮವೂ ಕುಗ್ಗುತ್ತದೆ. ಹಾಡಿಗೆ ಆಧಾರವಾಗಿದ್ದ ಶ್ರುತಿಯೇ ಬಡವಾಗುತ್ತದೆ. ಹಾಗೆಂದು 2 ಹರ್ಟ್ಸ್ ಅಗಲದ ಕಿರಿದಾದ ಸೋಸುಕವನ್ನು ಬಳಸಿದರೆ, ಅದು ತಾನೇ ಗಂಟೆಯಂತೆ ಸುಮಾರು 1 ಸೆಕೆಂಡಿನವರೆಗೆ ಅನುರಣಿಸುತ್ತದೆ. ಸೋಸುವಿಕೆಯಿಂದ ಸ್ವರಗಳ ಪರಸ್ಪರ ಹೊಂದಾಣಿಕೆ ಹಿಂದುಮುಂದಾಗದಂತೆ ರಚಿಸಿದ ಈಕ್ವಲೈಸರುಗಳಲ್ಲಿ ಈ ಅನುರಣನದ ಅರ್ಧಭಾಗವು ಪೆಟ್ಟಿಗಿಂತ ಮೊದಲೇ ಕೇಳಿಸುವುದುಂಟು. ತಬಲಾದ ಬೋಲು ಬೀಳುವ ಮುನ್ನವೇ ಅದರ ನೆರಳು ಕೇಳಿಸಿದಂತೆ!

ಹಾಗಾದರೆ ಕಾಲದ ಕಿಟಕಿಯನ್ನು ಸದಾ ದೊಡ್ಡದಾಗಿಯೇ ಇಡಬಾರದೇಕೆ? ಉತ್ತರವು ಅಣಶಿಯ ಕಾಡಿನಲ್ಲಿಯೇ ಇದೆ. ಜೀರುಂಡೆಗಳ ಎಡೆಬಿಡದ ನಾದವನ್ನು ಅಳೆಯಲು ದೊಡ್ಡ ಕಿಟಕಿ ಒಪ್ಪುತ್ತದೆ. ಆದರೆ ಒಣಮರದ ಮೇಲೆ ಮರಕುಟಿಗವು ಒಂದರ ಬೆನ್ನಿಗೊಂದರಂತೆ ಹಾಕುವ ಪೆಟ್ಟುಗಳು ಮುಕ್ಕಾಲು ಸೆಕೆಂಡಿನ ಕಿಟಕಿಯಲ್ಲಿ ಒಂದೇ ರಾಶಿಯಾಗಿಬಿಡುತ್ತವೆ. ಪೆಟ್ಟುಗಳನ್ನು ಎಣಿಸಲು ಕಿರುಕಿಟಕಿಯೇ ಬೇಕು. ಆಗ ಆವೃತ್ತಿ ಮಸುಕಾಗುತ್ತದೆ. ಸಂಗೀತದಲ್ಲಿಯೂ ಹೀಗೆಯೇ. ತಂಬೂರಿಗೆ ದೊಡ್ಡ ಕಿಟಕಿ, ತಬಲಾಕ್ಕೆ ಕಿರಿದು; ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿಗೆ ನಡುವಣದು. ಹಳೆಯ ಟೇಪುಗಳ ಓಟದ ವೇಗವೂ ವಿದ್ಯುತ್ತಿನ ಆವೃತ್ತಿಯೂ ಕೊಂಚ ಏರುಪೇರಾಗುತ್ತಿದ್ದುದರಿಂದ, ಕಿಟಕಿಯನ್ನು ಮಿತಿಮೀರಿ ಹಿಗ್ಗಿಸಿದರೆ ಗುಂಯ್‌ನಾದದ ಶಿಖರವೇ ಹರಡಿಕೊಳ್ಳುತ್ತದೆ. ಒಂದೇ ಧ್ವನಿಯನ್ನು ಎರಡು ಮೂರು ಕಿಟಕಿಗಳಿಂದ ನೋಡಿ, ಕಡೆಗೆ ಕಿವಿಯಿಂದ ನಿರ್ಣಯಿಸುವುದೇ ಬಲ್ಲವರ ಕ್ರಮ.

ಇದು ಕೇವಲ ತಂತ್ರಜ್ಞರ ಚರ್ಚೆಯಲ್ಲ. ಧಾರವಾಡ ಆಕಾಶವಾಣಿಯು 1950ರಲ್ಲಿ ಆರಂಭವಾಯಿತು. ಮಲ್ಲಿಕಾರ್ಜುನ ಮನ್ಸೂರ (1910–1992), ಗಂಗೂಬಾಯಿ ಹಾನಗಲ್ (1913–2009) ಮೊದಲಾದವರ ಗಾಯನವನ್ನು ಕೇಳಿ ಬೆಳೆದ ಸೀಮೆ ಇದು. ಗಾಯನ, ವಚನಗಳ ಹಾಡುಗಾರಿಕೆ, ಹಿರಿಯರ ಭಾಷಣಗಳು ಅಡಗಿರುವ ಟೇಪುಗಳು ಎಷ್ಟೋ ಮನೆಗಳ, ಶಾಲೆಗಳ ಕಪಾಟುಗಳಲ್ಲಿವೆ. ಅವುಗಳನ್ನು ಗಣಕಯಂತ್ರಕ್ಕೆ ಇಳಿಸಿ ಶುದ್ಧಗೊಳಿಸುವವರು ಮೂರು ಮಾತುಗಳನ್ನು ನೆನಪಿನಲ್ಲಿಡಬೇಕು. ಶುದ್ಧಗೊಳಿಸದ ಮೂಲಪ್ರತಿಯನ್ನು ಯಥಾವತ್ತಾಗಿ ಬೇರೆ ಉಳಿಸಬೇಕು. ಯಾವ ಆವೃತ್ತಿಯನ್ನು ಎಷ್ಟು ಅಗಲದಲ್ಲಿ ಇಳಿಸಲಾಯಿತೆಂಬುದನ್ನು ಬರೆದಿಡಬೇಕು. ಗುಂಯ್‌ನಾದವನ್ನು ತೆಗೆಯುವ ಮುನ್ನ ಗಾಯಕನ ಶ್ರುತಿ ಯಾವುದೆಂದು ಅರಿತಿರಬೇಕು. ಟೇಪಿನ ಕೊಳೆಯನ್ನು ನಾಳೆಯೂ ತೊಳೆಯಬಹುದು. ಅದರೊಡನೆ ಕೊಚ್ಚಿಹೋದ ಪಂಚಮವನ್ನು ಮರಳಿ ತರಲು ಯಾವ ತಂತ್ರಾಂಶಕ್ಕೂ ಸಾಧ್ಯವಿಲ್ಲ.