ಮೋಟಾರು ಗಾಡಿಯ ಬುತ್ತಿ

ರೈಲು ಬಸ್ಸುಗಳಿಲ್ಲದ ಕಾಲದಲ್ಲಿ ದೂರದ ಊರಿಗೆ ಹೊರಟವರು ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು. ಹೊರೆ ಹಗುರವಾಗಿರಬೇಕು, ಆದರೆ ದಾರಿಯುದ್ದಕ್ಕೂ ಹೊಟ್ಟೆ ತುಂಬಬೇಕು. ಇವೆರಡೂ ಬುತ್ತಿ ಕಟ್ಟುವವರಿಗೆ ಚೆನ್ನಾಗಿ ತಿಳಿದಿದ್ದುವು. ಆದುದರಿಂದಲೇ ಅವರು ಅವಲಕ್ಕಿ, ಹುರಿಹಿಟ್ಟು, ಬೆಲ್ಲ ಮೊದಲಾದ, ತೂಕ ಕಡಮೆಯಾಗಿ ಸತ್ತ್ವ ಹೆಚ್ಚಾಗಿರುವ ಪದಾರ್ಥಗಳನ್ನೇ ಆರಿಸಿಕೊಳ್ಳುತ್ತಿದ್ದರು.

ರಸ್ತೆಯ ಮೇಲೆ ಓಡುವ ಕಾರಿಗೂ ಇದೇ ಸಮಸ್ಯೆಯುಂಟು. ವಿದ್ಯುತ್ ರೈಲಿಗೆ ದಾರಿಯುದ್ದಕ್ಕೂ ತಲೆಯ ಮೇಲಿನ ತಂತಿಯಿಂದ ಶಕ್ತಿ ಒದಗುತ್ತದೆ. ಕಾರಿಗೆ ಆ ಅನುಕೂಲವಿಲ್ಲ. ತನಗೆ ಬೇಕಾದ ಶಕ್ತಿಯನ್ನು ಅದು ತಾನೇ ಹೊತ್ತು ಸಾಗಬೇಕು. ಪೆಟ್ರೋಲು ಕಾರಿಗೂ ವಿದ್ಯುತ್ ಕಾರಿಗೂ ನಡೆಯುತ್ತಿರುವ ಪೈಪೋಟಿಯನ್ನು ಎರಡು ಯಂತ್ರಗಳ ಪೈಪೋಟಿಯೆಂದು ಅನೇಕರು ಭಾವಿಸುವುದುಂಟು. ವಾಸ್ತವವಾಗಿ ಅದು ಎರಡು ಬುತ್ತಿಗಳ ಪೈಪೋಟಿ. ಇದನ್ನು ಮನಗಂಡರೆ ವಿದ್ಯುತ್ ಕಾರು ಒಂದು ಕಾಲದಲ್ಲಿ ಏಕೆ ಸೋತಿತು, ಈಗ ಏಕೆ ಮರಳಿ ಬರುತ್ತಿದೆ, ಮುಂದೆ ಎಲ್ಲಿಯವರೆಗೆ ಹೋದೀತು ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ದೊರೆಯುತ್ತದೆ.

ಮೊದಲನೆಯ ಸುತ್ತು

ವಿದ್ಯುತ್ ಕಾರು ನಮ್ಮ ಕಾಲದ ಹೊಸ ಸೃಷ್ಟಿಯೆಂದು ತಿಳಿಯುವುದು ತಪ್ಪು. ಮರಳಿ ಮರಳಿ ವಿದ್ಯುತ್ತನ್ನು ತುಂಬಬಹುದಾದ ಸೀಸದ ಬ್ಯಾಟರಿಯನ್ನು ಗ್ಯಾಸ್ಟನ್ ಪ್ಲಾಂಟೆ ಎಂಬ ಫ್ರೆಂಚ್ ವಿಜ್ಞಾನಿಯು 1859ರಲ್ಲಿ ನಿರ್ಮಿಸಿದನು. 1881ರಲ್ಲಿ ಗುಸ್ತಾವ್ ತ್ರೂವೆ ಎಂಬಾತನು ಪ್ಯಾರಿಸಿನಲ್ಲಿ ಬ್ಯಾಟರಿಯಿಂದ ನಡೆಯುವ ಮೂರು ಚಕ್ರದ ಗಾಡಿಯನ್ನು ಓಡಿಸಿ ತೋರಿಸಿದನು. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಪೆಟ್ರೋಲು ಗಾಡಿಗೆ ಪೇಟೆಂಟು ಕೋರಿದ್ದು ಇದಾದ ಐದು ವರ್ಷಗಳ ತರುವಾಯ, 1886ರಲ್ಲಿ. ಗಂಟೆಗೆ ನೂರು ಕಿಲೋಮೀಟರಿನ ವೇಗವನ್ನು ಮೊತ್ತಮೊದಲು ಮೀರಿದ ರಸ್ತೆಯ ವಾಹನವೂ ವಿದ್ಯುತ್ ಕಾರೇ. 1899ರ ಏಪ್ರಿಲ್ 29ರಂದು ಬೆಲ್ಜಿಯಂ ದೇಶದ ಕಮೀಲ್ ಜೆನಾತ್ಸಿ ಎಂಬ ಸಾಹಸಿಯು ಪ್ಯಾರಿಸಿನ ಸಮೀಪದಲ್ಲಿ ಗಂಟೆಗೆ 105 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಅದನ್ನು ಓಡಿಸಿದನು. ಆ ಗಾಡಿಗೆ ಅವನು ಇಟ್ಟಿದ್ದ ಹೆಸರಿನ ಅರ್ಥ ‘ಎಂದೂ ತೃಪ್ತಿಯಿಲ್ಲದವಳು’ ಎಂದು.

1900ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ತಯಾರಾದ ಮೋಟಾರು ಗಾಡಿಗಳು ಸುಮಾರು 4,200. ಅವುಗಳಲ್ಲಿ ಉಗಿಯಿಂದ ನಡೆಯುವವು 1,681, ವಿದ್ಯುತ್ತಿನವು 1,575, ಪೆಟ್ರೋಲಿನವು ಕೇವಲ 936. ವಿದ್ಯುತ್ ಕಾರಿನಲ್ಲಿ ಹೊಗೆಯಿರಲಿಲ್ಲ, ಗದ್ದಲವಿರಲಿಲ್ಲ, ಗೇರು ಬದಲಾಯಿಸುವ ಗೋಜಿರಲಿಲ್ಲ. ಪೆಟ್ರೋಲು ಕಾರನ್ನಾದರೋ ಹೊರಡಿಸಬೇಕಾದರೆ ಮುಂಭಾಗದ ಕಬ್ಬಿಣದ ಹಿಡಿಯನ್ನು ಬಲವಾಗಿ ತಿರುಗಿಸಬೇಕಾಗಿತ್ತು. ಅದು ಹಿಮ್ಮರಳಿ ಹೊಡೆದು ಕೈ ಮುರಿದುಕೊಂಡವರೂ ಉಂಟು. ಪೆಟ್ರೋಲು ಕಾರುಗಳಿಂದಲೇ ಜಗತ್ಪ್ರಸಿದ್ಧನಾದ ಹೆನ್ರಿ ಫೋರ್ಡನ ಮಡದಿಯೂ ಸಹ ತನ್ನ ಓಡಾಟಕ್ಕೆ ವಿದ್ಯುತ್ ಕಾರನ್ನು ಇರಿಸಿಕೊಂಡಿದ್ದಳು.

ಹೀಗಿದ್ದರೂ ವಿದ್ಯುತ್ ಕಾರು ಸೋತಿತು. 1901ರಲ್ಲಿ ಟೆಕ್ಸಾಸಿನಲ್ಲಿ ಹೇರಳವಾದ ತೈಲದ ಬುಗ್ಗೆ ಚಿಮ್ಮಿ, ಎಣ್ಣೆ ಅಗ್ಗವಾಯಿತು. 1908ರಲ್ಲಿ ಫೋರ್ಡನ ಟಿ ಮಾದರಿಯ ಕಾರು ಬಂದು, ವರ್ಷದಿಂದ ವರ್ಷಕ್ಕೆ ಅದರ ಬೆಲೆ ಇಳಿಯಿತು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗನು ರೂಪಿಸಿದ ವಿದ್ಯುತ್ ಸ್ಟಾರ್ಟರು ಸೇರಿತು. ಕೈಯಿಂದ ಹಿಡಿ ತಿರುಗಿಸುವ ಕಷ್ಟ ಅಲ್ಲಿಗೆ ಮುಗಿಯಿತು. ಸ್ಟಾರ್ಟರು ಎಂದರೆ ಒಂದು ಪುಟ್ಟ ವಿದ್ಯುತ್ ಮೋಟಾರು ಮತ್ತು ಒಂದು ಸೀಸದ ಬ್ಯಾಟರಿ. ವಿದ್ಯುತ್ ಕಾರಿನ ಅಂಗಗಳನ್ನೇ ಎರವಲು ಪಡೆದು ಪೆಟ್ರೋಲು ಕಾರು ಅದನ್ನು ಸೋಲಿಸಿತೆಂದು ಹೇಳಬಹುದು. ಆದರೆ ಈ ಎಲ್ಲ ಕಾರಣಗಳ ಹಿಂದೆ ಇನ್ನೂ ಮೂಲಭೂತವಾದ ಒಂದು ಕಾರಣವಿದ್ದಿತು. ಅದೇ ಬುತ್ತಿಯ ತೂಕ.

1888ರ ಆಗಸ್ಟಿನಲ್ಲಿ ಕಾರ್ಲ್ ಬೆಂಜನ ಪತ್ನಿ ಬರ್ಥಾ ಬೆಂಜ್ ಎಂಬಾಕೆ ತನ್ನ ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು ಮ್ಯಾನ್‌ಹೈಮಿನಿಂದ ಫೋರ್ಜ್‌ಹೈಮಿಗೆ, ಸುಮಾರು ನೂರು ಕಿಲೋಮೀಟರು ದೂರ, ಗಂಡನ ಗಾಡಿಯಲ್ಲಿ ಪ್ರಯಾಣ ಮಾಡಿದಳು. ನಡುದಾರಿಯಲ್ಲಿ ಇಂಧನ ಮುಗಿಯುತ್ತ ಬರಲು, ವೀಸ್‌ಲೋಕ್ ಎಂಬ ಊರಿನ ಔಷಧದಂಗಡಿಯಲ್ಲಿ ಪೆಟ್ರೋಲಿನಂತಹ ದ್ರವವನ್ನು ಕೊಂಡು ತೊಟ್ಟಿಗೆ ಸುರಿದು ಮುಂದೆ ಸಾಗಿದಳು. ಪೆಟ್ರೋಲ್ ಬಂಕು ಎಂಬುದೇ ಇಲ್ಲದ ಕಾಲದಲ್ಲಿಯೂ ಗಾಡಿಯ ಬುತ್ತಿಯನ್ನು ಸೀಸೆಯಲ್ಲಿ ತರಲು ಸಾಧ್ಯವಾಯಿತು! ಬ್ಯಾಟರಿಗೆ ಈ ಭಾಗ್ಯವಿರಲಿಲ್ಲ.

ಬುತ್ತಿಯ ಲೆಕ್ಕ

ಈಗ ಸ್ವಲ್ಪ ಲೆಕ್ಕ ಮಾಡೋಣ. ವಿದ್ಯುಚ್ಛಕ್ತಿಯನ್ನು ನಮ್ಮ ಮನೆಯ ಮೀಟರು ಯೂನಿಟ್ಟುಗಳಲ್ಲಿ ಎಣಿಸುತ್ತದೆ. ಸಾವಿರ ವಾಟಿನ ಒಲೆಯೊಂದು ಒಂದು ಗಂಟೆ ಉರಿದರೆ ಒಂದು ಯೂನಿಟ್ಟು ಖರ್ಚಾಗುವುದು. ಪೆಟ್ರೋಲಿನ ಶಕ್ತಿಯನ್ನೂ ಇದೇ ಮಾನದಿಂದ ಅಳೆಯಬಹುದು. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿದರೆ ಸುಮಾರು 12 ಯೂನಿಟ್ಟು ಶಕ್ತಿ ಹೊರಬೀಳುತ್ತದೆ. ಸೀಸದ ಬ್ಯಾಟರಿಯಲ್ಲಿ ಒಂದೇ ಒಂದು ಯೂನಿಟ್ಟನ್ನು ಕೂಡಿಡಬೇಕಾದರೆ 28ರಿಂದ 30 ಕಿಲೋಗ್ರಾಂ ತೂಕದ ಬ್ಯಾಟರಿ ಬೇಕು. ಎಂದರೆ, ಸಮತೂಕದ ಪೆಟ್ರೋಲಿನಲ್ಲಿ ಮುನ್ನೂರು ಪಟ್ಟಿಗೂ ಹೆಚ್ಚು ಶಕ್ತಿ ಅಡಗಿದೆ.

ಆದರೆ ಬುತ್ತಿಯಲ್ಲಿರುವುದೆಲ್ಲವೂ ಮೈಗೆ ಹತ್ತುವುದಿಲ್ಲ. ಪೆಟ್ರೋಲು ಎಂಜಿನ್ನು ಉಷ್ಣದಿಂದ ನಡೆಯುವ ಯಂತ್ರ. ಸಿಲಿಂಡರಿನೊಳಗೆ ಗಾಳಿ ಪೆಟ್ರೋಲುಗಳ ಮಿಶ್ರಣ ಕಿಡಿ ತಗುಲಿ ಉರಿಯುತ್ತದೆ; ಕಾದ ಅನಿಲ ಹಿಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ. ಇಂತಹ ಯಂತ್ರಕ್ಕೆ ಪ್ರಕೃತಿಯೇ ಒಂದು ಮಿತಿಯನ್ನು ವಿಧಿಸಿದೆಯೆಂಬುದನ್ನು ಸಾದಿ ಕಾರ್ನೋ ಎಂಬ ಫ್ರೆಂಚ್ ಎಂಜಿನಿಯರನು 1824ರಲ್ಲಿ ತೋರಿಸಿಕೊಟ್ಟನು. ನೀರು ಎತ್ತರದಿಂದ ತಗ್ಗಿಗೆ ಬೀಳುವಾಗ ಮಾತ್ರ ಗಿರಣಿಯ ಚಕ್ರವನ್ನು ತಿರುಗಿಸುವಂತೆ, ಉಷ್ಣವು ಬಿಸಿಯಾದ ಸ್ಥಾನದಿಂದ ತಣ್ಣಗಿರುವ ಸ್ಥಾನಕ್ಕೆ ಹರಿಯುವಾಗ ಮಾತ್ರ ಕೆಲಸ ಮಾಡಬಲ್ಲುದು. ಅದರಲ್ಲಿ ಒಂದು ಪಾಲನ್ನು ತಣ್ಣಗಿನ ಕಡೆಗೆ ಬಿಟ್ಟುಕೊಡಲೇಬೇಕು. ರೇಡಿಯೇಟರಿನಿಂದ ಏಳುವ ಕಾವು, ಹೊಗೆಕೊಳವೆಯಿಂದ ಬರುವ ಬಿಸಿ ಅನಿಲ, ಇವು ಹೀಗೆ ಬಿಟ್ಟುಕೊಟ್ಟ ಪಾಲು. ಸಾಮಾನ್ಯ ಪೆಟ್ರೋಲು ಕಾರಿನಲ್ಲಿ ಇಂಧನದ ಶಕ್ತಿಯ ನೂರರಲ್ಲಿ 20ರಿಂದ 30 ಪಾಲು ಮಾತ್ರವೇ ಉಪಯೋಗಕ್ಕೆ ಬರುವುದು.

ವಿದ್ಯುತ್ ಮೋಟಾರು ಉಷ್ಣಯಂತ್ರವಲ್ಲ. ಕಾಂತಕ್ಷೇತ್ರದ ಬಲದಿಂದ ಅದು ನೇರವಾಗಿ ತಿರುಗುತ್ತದೆ. ಆದುದರಿಂದ ಕಾರ್ನೋವಿನ ಮಿತಿ ಅದಕ್ಕೆ ಅನ್ವಯಿಸುವುದಿಲ್ಲ. ಅದಕ್ಕೆ ಕೊಟ್ಟ ಶಕ್ತಿಯ ನೂರರಲ್ಲಿ 90ರಷ್ಟು ಕೆಲಸವಾಗಿ ಹೊರಬರುತ್ತದೆ. ಅಷ್ಟೇ ಅಲ್ಲ, ಇಳಿಜಾರಿನಲ್ಲಿಯೂ ಬ್ರೇಕು ಹಾಕುವಾಗಲೂ ಅದೇ ಮೋಟಾರನ್ನು ಜನಕಯಂತ್ರವನ್ನಾಗಿ ಮಾಡಿ, ಚಕ್ರದ ಓಟದಿಂದ ಸ್ವಲ್ಪ ವಿದ್ಯುತ್ತನ್ನು ಬ್ಯಾಟರಿಗೆ ಮರಳಿ ತುಂಬಬಹುದು. ಪೆಟ್ರೋಲು ಕಾರು ಬ್ರೇಕಿನ ಕಾವಿನಲ್ಲಿ ಕಳೆದುಕೊಂಡ ಶಕ್ತಿ ಹೋದದ್ದೇ ಹೋಯಿತು.

ಈಗ ಎರಡನ್ನೂ ತೂಗಿ ನೋಡೋಣ. ಕಾರಿನ ತೊಟ್ಟಿಯಲ್ಲಿ 40 ಲೀಟರು, ಅಂದರೆ ಸುಮಾರು 30 ಕಿಲೋಗ್ರಾಂ, ಪೆಟ್ರೋಲು ಇದೆಯೆಂದು ಭಾವಿಸಿ. ಅದರ ಶಕ್ತಿ 360 ಯೂನಿಟ್ಟು. ಕಾಲು ಭಾಗ ಉಪಯೋಗಕ್ಕೆ ಬಂದರೆ ದೊರೆಯುವ ಕೆಲಸ 90 ಯೂನಿಟ್ಟು. ಇಷ್ಟೇ ಕೆಲಸಕ್ಕೆ ವಿದ್ಯುತ್ ಕಾರಿನ ಬ್ಯಾಟರಿಯಲ್ಲಿ 100 ಯೂನಿಟ್ಟು ಇದ್ದರೆ ಸಾಕು. ಅದು ಸೀಸದ ಬ್ಯಾಟರಿಯಾದರೆ ತೂಕ ಸುಮಾರು ಮೂರು ಟನ್ನು! ಕಾರಿಗಿಂತ ಬುತ್ತಿಯೇ ಭಾರ. ಮೊದಲನೆಯ ಸುತ್ತಿನಲ್ಲಿ ವಿದ್ಯುತ್ ಕಾರು ಊರೊಳಗಿನ ಓಡಾಟವನ್ನು ಮೀರಿ ಬೆಳೆಯಲಾರದೆ ಹೋದುದರ ರಹಸ್ಯ ಇದೇ.

ನಮ್ಮ ಬೆಂಗಳೂರಿನಲ್ಲಿಯೇ ಇದಕ್ಕೆ ಒಂದು ನಿದರ್ಶನವುಂಟು. ಚೇತನ್ ಮೈನಿ ಅವರ ನೇತೃತ್ವದಲ್ಲಿ ಇಲ್ಲಿ ರೂಪುಗೊಂಡ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿ ಮಾರಾಟಕ್ಕೆ ಬಂದಿತು. ‘ಜಿ-ವಿಜ್’ ಎಂಬ ಹೆಸರಿನಿಂದ ಲಂಡನ್ ನಗರದ ಬೀದಿಗಳಲ್ಲಿಯೂ ಓಡಾಡಿತು. ಅದರಲ್ಲಿದ್ದುದು ಸೀಸದ ಬ್ಯಾಟರಿ. ಒಮ್ಮೆ ತುಂಬಿದರೆ ಸುಮಾರು 80 ಕಿಲೋಮೀಟರು ಓಟ. ಬೆಂಗಳೂರಿನಿಂದ ಮೈಸೂರನ್ನು ಮುಟ್ಟಲು ಅದು ಸಾಲದು. ಕಾರು ಹೊಸದು, ಬುತ್ತಿ ಮಾತ್ರ ಪ್ಲಾಂಟೆಯ ಕಾಲದ್ದು.

ಅತಿ ಹಗುರವಾದ ಲೋಹ

ಸೀಸ ಏಕೆ ಭಾರವಾದ ಬುತ್ತಿ? ರಸಾಯನ ಪಾಠವನ್ನು ಓದಿದವರಿಗೆ ಉತ್ತರ ಸುಲಭ. ಸೀಸದ ಪರಮಾಣುತೂಕ 207. ಬ್ಯಾಟರಿಯಲ್ಲಿ ಅದರ ಒಂದು ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಕೊಡುತ್ತದೆ. ಒಂದು ಎಲೆಕ್ಟ್ರಾನಿಗೆ ನೂರಕ್ಕೂ ಮಿಕ್ಕ ಹೊರೆಯಾಯಿತು. ಲಿಥಿಯಮ್ ಎಂಬ ಲೋಹದ ಪರಮಾಣುತೂಕ ಸುಮಾರು 7. ಅದು ಒಂದು ಎಲೆಕ್ಟ್ರಾನನ್ನು ಕೊಡುತ್ತದೆ. ಹೊರೆ ಏಳೇ. ಇದರ ಜೊತೆಗೆ ಸೀಸದ ಕೋಶದ ವಿದ್ಯುದೊತ್ತಡ ಎರಡು ವೋಲ್ಟಾದರೆ, ಲಿಥಿಯಮ್ ಕೋಶದ್ದು ಮೂರೂವರೆ ವೋಲ್ಟಿನ ಆಸುಪಾಸು.

ಆದರೆ ಲಿಥಿಯಮ್ ಉಗ್ರಸ್ವಭಾವದ ಲೋಹ. ನೀರು ಸೋಕಿದರೆ ತಡೆಯಲಾರದು. ಅದನ್ನು ಪಳಗಿಸಲು ವಿಜ್ಞಾನಿಗಳಿಗೆ ಬಹಳ ಕಾಲ ಹಿಡಿಯಿತು. 1970ರ ದಶಕದಲ್ಲಿ, ತೈಲದ ಅಭಾವ ಜಗತ್ತನ್ನು ಕಾಡುತ್ತಿದ್ದಾಗ, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಎಂಬುವರು ಒಂದು ತೈಲಸಂಸ್ಥೆಯ ಪ್ರಯೋಗಶಾಲೆಯಲ್ಲಿಯೇ ಮೊದಲ ಮಾದರಿಯನ್ನು ಸಿದ್ಧಗೊಳಿಸಿದರು. 1980ರಲ್ಲಿ ಜಾನ್ ಗುಡಿನಫ್ ಅವರು ಕೋಬಾಲ್ಟ್ ಆಕ್ಸೈಡನ್ನು ಬಳಸಿ ವಿದ್ಯುದೊತ್ತಡವನ್ನು ಹೆಚ್ಚಿಸಿದರು. 1985ರಲ್ಲಿ ಜಪಾನಿನ ಅಕಿರಾ ಯೋಶಿನೋ ಅವರು ಲಿಥಿಯಮ್ ಲೋಹವನ್ನೇ ತೆಗೆದುಹಾಕಿ, ಇಂಗಾಲದ ಪದರಗಳ ನಡುವೆ ಲಿಥಿಯಮ್ ಅಯಾನುಗಳನ್ನು ಇರಿಸುವ ಸುರಕ್ಷಿತ ಕ್ರಮವನ್ನು ರೂಪಿಸಿದರು. ಇಂತಹ ಕೋಶದಲ್ಲಿ ಏನೂ ಉರಿದುಹೋಗುವುದಿಲ್ಲ. ತುಂಬುವಾಗ ಅಯಾನುಗಳು ಇಂಗಾಲದ ಕಡೆಗೆ ಸಾಗುತ್ತವೆ, ಬಳಸುವಾಗ ಆಕ್ಸೈಡಿನ ಕಡೆಗೆ ಹಿಂತಿರುಗುತ್ತವೆ. 1991ರಲ್ಲಿ ಈ ಬ್ಯಾಟರಿ ಮಾರುಕಟ್ಟೆಗೆ ಬಂದಿತು. 2019ರಲ್ಲಿ ಈ ಮೂವರಿಗೂ ನೊಬೆಲ್ ಪಾರಿತೋಷಿಕ ಸಂದಾಗ ಗುಡಿನಫ್ ಅವರಿಗೆ 97 ವರ್ಷ.

ಅಯಾನುಗಳಿಗೆ ನೆಲೆಗೊಡುವ ಪದಾರ್ಥಗಳಿಗೂ ಹೊರಗಿನ ಪೆಟ್ಟಿಗೆಗೂ ತೂಕವಿರುವುದರಿಂದ ಲಿಥಿಯಮ್ಮಿನ ಲಾಭವೆಲ್ಲವೂ ನಮಗೆ ದಕ್ಕುವುದಿಲ್ಲ. ಆದರೂ ಈಗಿನ ಕಾರುಗಳಲ್ಲಿ ಒಂದು ಯೂನಿಟ್ಟಿಗೆ ಸುಮಾರು 7 ಕಿಲೋಗ್ರಾಂ ಬ್ಯಾಟರಿ ಸಾಕು. ಮೂರು ಟನ್ನಿನ ಬುತ್ತಿ ಮುಕ್ಕಾಲು ಟನ್ನಿಗೂ ಕೆಳಗೆ ಇಳಿಯಿತು. ಬೆಲೆಯೂ ಹಾಗೆಯೇ: 2010ರಲ್ಲಿ ಒಂದು ಯೂನಿಟ್ಟಿನ ಬ್ಯಾಟರಿಗೆ ಸಾವಿರ ಡಾಲರಿಗೂ ಮೇಲ್ಪಟ್ಟಿದ್ದ ಸರಾಸರಿ ಬೆಲೆ 2024ರಲ್ಲಿ 120 ಡಾಲರಿಗಿಂತ ಕಡಮೆಯಾಗಿದ್ದಿತು. ವಿದ್ಯುತ್ ಕಾರು ಮರಳಿ ಬಂದುದಕ್ಕೆ ಮುಖ್ಯ ಕಾರಣ ಇದು. ಮೋಟಾರು ಮೊದಲಿನಿಂದಲೂ ಚೆನ್ನಾಗಿಯೇ ಇದ್ದಿತು. 2024ರಲ್ಲಿ ಪ್ರಪಂಚದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಐದಕ್ಕೊಂದು ಭಾಗಕ್ಕೂ ಹೆಚ್ಚು ವಿದ್ಯುತ್ತನ್ನು ತುಂಬಿಸಿಕೊಂಡು ಓಡುವಂಥವು; ನಾರ್ವೆ ದೇಶದಲ್ಲಾದರೋ ಹತ್ತರಲ್ಲಿ ಒಂಬತ್ತರಷ್ಟು ಪೂರ್ತಿ ವಿದ್ಯುತ್ತಿನವು.

ಬುತ್ತಿ ತುಂಬುವ ಹೊತ್ತು

ಆದರೂ ಪೆಟ್ರೋಲಿನ ಒಂದು ಗುಣವನ್ನು ಬ್ಯಾಟರಿ ಇನ್ನೂ ಸರಿಗಟ್ಟಿಲ್ಲ. ಬಂಕಿನಲ್ಲಿ ಮೂರು ನಿಮಿಷಗಳಲ್ಲಿ 40 ಲೀಟರು ತುಂಬಿದರೆ, ಆ ರಬ್ಬರು ಕೊಳವೆಯ ಮೂಲಕ ಶಕ್ತಿ ಹರಿಯುವ ವೇಗ ಏಳು ಸಾವಿರ ಕಿಲೋವಾಟು! ಮನೆಯ ದೊಡ್ಡ ಪ್ಲಗ್ಗಿನಿಂದ ದೊರೆಯುವುದು ಮೂರು ಕಿಲೋವಾಟಿನಷ್ಟು. 30 ಯೂನಿಟ್ಟಿನ ಸಣ್ಣ ಕಾರಿಗೆ ಹತ್ತು ಗಂಟೆ ಬೇಕು, ಎಂದರೆ ಒಂದು ರಾತ್ರಿ. ನಿತ್ಯದ ಓಡಾಟಕ್ಕೆ ಇದರಿಂದ ತೊಂದರೆಯಿಲ್ಲ. ದೂರದ ಪ್ರಯಾಣಕ್ಕೆ 50 ಕಿಲೋವಾಟಿನ ಅಥವಾ ಅದಕ್ಕೂ ಮೇಲಿನ ಕೇಂದ್ರಗಳು ದಾರಿಯುದ್ದಕ್ಕೂ ಬೇಕು. ಸ್ಕೂಟರು, ಆಟೋರಿಕ್ಷಾ, ನಗರದ ಬಸ್ಸು, ಸಣ್ಣ ಕಾರು ಇವುಗಳಿಗೆ ವಿದ್ಯುತ್ತು ಚೆನ್ನಾಗಿ ಹೊಂದಿಕೊಳ್ಳುತ್ತದೆ. ಬುತ್ತಿಯ ತೂಕವೇ ಪ್ರಧಾನವಾದ ದೂರದ ವಿಮಾನಗಳು ತೈಲವನ್ನು ಬೇಗ ಬಿಡಲಾರವು.

ಬುತ್ತಿ ಎಲ್ಲಿಂದ ಬಂದಿತು?

ಇನ್ನು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಒಂದು ಲೀಟರು ಪೆಟ್ರೋಲಿನ ತೂಕ ಮುಕ್ಕಾಲು ಕಿಲೋಗ್ರಾಂ. ಅದು ಉರಿದಾಗ ಹೊರಡುವ ಇಂಗಾಲಾಮ್ಲ ವಾಯು ಸುಮಾರು 2.3 ಕಿಲೋಗ್ರಾಂ. ತೂಕ ಹೆಚ್ಚಿದ್ದು ಹೇಗೆಂದು ವಾಚಕರು ಆಶ್ಚರ್ಯಪಡಬೇಕಾಗಿಲ್ಲ. ಇಂಗಾಲದ 12 ಪಾಲಿಗೆ ಗಾಳಿಯ ಆಮ್ಲಜನಕ 32 ಪಾಲು ಸೇರುತ್ತದೆ. ನೂರು ಕಿಲೋಮೀಟರಿಗೆ 6 ಲೀಟರು ಕುಡಿಯುವ ಕಾರು ಸುಮಾರು 14 ಕಿಲೋಗ್ರಾಂ ಇಂಗಾಲಾಮ್ಲವನ್ನು ವಾತಾವರಣಕ್ಕೆ ಸೇರಿಸುತ್ತದೆ. ಭೂಮಿಯ ಉಷ್ಣತೆಯನ್ನು ಏರಿಸುತ್ತಿರುವ ಅನಿಲಗಳಲ್ಲಿ ಇದೇ ಮುಖ್ಯವಾದುದು.

ವಿದ್ಯುತ್ ಕಾರಿಗೆ ಹೊಗೆಕೊಳವೆಯಿಲ್ಲ. ಆದರೆ ನೂರು ಕಿಲೋಮೀಟರಿಗೆ ಅದಕ್ಕೆ 15 ಯೂನಿಟ್ಟು ಬೇಕೆಂದು ಇಟ್ಟುಕೊಳ್ಳೋಣ. ಕಲ್ಲಿದ್ದಲನ್ನು ಉರಿಸಿ ಪಡೆದ ಒಂದು ಯೂನಿಟ್ಟಿಗೆ ಹತ್ತಿರ ಹತ್ತಿರ ಒಂದು ಕಿಲೋಗ್ರಾಂ ಇಂಗಾಲಾಮ್ಲ ಹೊರಡುತ್ತದೆ. ಎಲ್ಲ ವಿದ್ಯುತ್ತೂ ಕಲ್ಲಿದ್ದಲಿನದೇ ಆದರೆ ಲೆಕ್ಕ 14 ಅಥವಾ 15 ಕಿಲೋಗ್ರಾಮಿಗೆ ಬಂದು ನಿಲ್ಲುತ್ತದೆ; ಪೆಟ್ರೋಲು ಕಾರಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಊರಿನ ಬೀದಿಯ ಹೊಗೆ ತಪ್ಪಿತು. ವಿದ್ಯುದಾಗಾರದ ಚಿಮಣಿಯಲ್ಲಿ ಅದು ಮತ್ತೆ ಕಾಣಿಸಿಕೊಂಡಿತು! ಭಾರತದ ವಿದ್ಯುತ್ತಿನಲ್ಲಿ 2023–24ರಲ್ಲಿ ಸುಮಾರು ಮುಕ್ಕಾಲು ಪಾಲು ಕಲ್ಲಿದ್ದಲಿನಿಂದ ಬಂದುದು. ಯೂನಿಟ್ಟಿಗೆ ಸರಾಸರಿ ಸುಮಾರು 0.7 ಕಿಲೋಗ್ರಾಂ. ಆ ಪ್ರಕಾರ ನೂರು ಕಿಲೋಮೀಟರಿಗೆ ಹತ್ತು ಹನ್ನೊಂದು ಕಿಲೋಗ್ರಾಂ ಆಗುತ್ತದೆ. ಲಾಭವಿದೆ, ಆದರೆ ಅಲ್ಪ. ನೀರು, ಬಿಸಿಲು, ಗಾಳಿಗಳಿಂದ ಬಂದ ವಿದ್ಯುತ್ತಾದರೆ ಇದೇ ಸಂಖ್ಯೆ ಸೊನ್ನೆಯ ಸಮೀಪಕ್ಕೆ ಇಳಿಯುತ್ತದೆ. ನಾರ್ವೆಯ ವಿದ್ಯುತ್ತು ಬಹುಮಟ್ಟಿಗೆ ಜಲಪಾತಗಳದ್ದೆಂಬುದನ್ನು ಇಲ್ಲಿ ನೆನೆಯಬೇಕು. ಬ್ಯಾಟರಿಯನ್ನು ತಯಾರಿಸುವಾಗ ಆಗುವ ಖರ್ಚು, ಗಣಿಗಳ ಕಷ್ಟ, ಹಳೆಯ ಬ್ಯಾಟರಿಯನ್ನು ಕರಗಿಸಿ ಲೋಹವನ್ನು ಮರಳಿ ಪಡೆಯುವ ಹೊಣೆ, ಇವನ್ನೂ ಲೆಕ್ಕಕ್ಕೆ ಸೇರಿಸತಕ್ಕದ್ದು.

1902ರಲ್ಲಿಯೇ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದ ನಾಡು ನಮ್ಮದು. ಇಂದು ನಮ್ಮ ತಂತಿಗಳಲ್ಲಿ ಶರಾವತಿಯ ನೀರೂ ರಾಯಚೂರಿನ ಕಲ್ಲಿದ್ದಲೂ ಕೈಗಾದ ಪರಮಾಣು ಶಕ್ತಿಯೂ ಪಾವಗಡದ ಬಿಸಿಲೂ ಕೂಡಿ ಹರಿಯುತ್ತಿವೆ. ಒಂದೇ ಕಾರನ್ನು ನಡುಹಗಲಿನಲ್ಲಿ ತುಂಬಿದರೆ ಬಿಸಿಲಿನ ಪಾಲು ಹೆಚ್ಚು; ನಡುರಾತ್ರಿಯಲ್ಲಿ ತುಂಬಿದರೆ ಬಿಸಿಲಿನ ಪಾಲು ಇಲ್ಲವೇ ಇಲ್ಲ. ಆದುದರಿಂದ ಮೋಟಾರು ಗಾಡಿಯ ಭವಿಷ್ಯವು ಕಾರಿನ ಕಾರ್ಖಾನೆಯಲ್ಲಿ ಮಾತ್ರ ನಿರ್ಣಯವಾಗುವ ಸಂಗತಿಯಲ್ಲ, ವಿದ್ಯುದಾಗಾರದಲ್ಲಿಯೂ ಆಗಬೇಕಾದುದು. ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳು ತಮ್ಮ ಜೀವಮಾನದಲ್ಲಿ ಹಲವು ವಾಹನಗಳನ್ನು ಕೊಳ್ಳಬಹುದು. ಅವರಲ್ಲಿ ಕೆಲವರಾದರೂ ಬ್ಯಾಟರಿಯನ್ನು ಹಗುರಗೊಳಿಸುವ, ಬಿಸಿಲನ್ನು ರಾತ್ರಿಗೆ ಕೂಡಿಡುವ ಕೆಲಸಕ್ಕೆ ಕೈಹಾಕಬಹುದು. ವಾಹನವನ್ನು ಆರಿಸುವಾಗ ಅದರ ವೇಗವನ್ನೂ ಬೆಲೆಯನ್ನೂ ವಿಚಾರಿಸುವಂತೆಯೇ, ಅದರ ಬುತ್ತಿ ಎಲ್ಲಿ ಸಿದ್ಧವಾಗುತ್ತದೆಂಬುದನ್ನೂ ವಿಚಾರಿಸುವುದು ವಿಜ್ಞಾನವನ್ನು ಓದಿದವರಿಗೆ ಒಪ್ಪುವ ಅಭ್ಯಾಸ.