ಮೊಣಕಾಲಿನ ಶಸ್ತ್ರಕ್ರಿಯೆಯಲ್ಲಿ ಯಂತ್ರವು ಕರ್ತೃವೋ ಕರಣವೋ?

ಸಂಧಿವಾತದಿಂದ ಸವೆದ ಮೊಣಕಾಲಿನ ಕೀಲಿಗೆ ಪ್ರತಿಯಾಗಿ ಲೋಹದ ಕೀಲನ್ನು ಕೂಡಿಸುವ ಶಸ್ತ್ರಕ್ರಿಯೆಯು ಈಗ ಬೆಂಗಳೂರಿನ ಅನೇಕ ಆಸ್ಪತ್ರೆಗಳಲ್ಲಿ ರೋಬೋ ಎಂಬ ಯಂತ್ರದ ನೆರವಿನಿಂದ ನಡೆಯುತ್ತಿರುವುದನ್ನು ವಾಚಕರು ಬಲ್ಲರು. ‘ರೋಬೋ ಮಂಡಿಯನ್ನು ಬದಲಾಯಿಸುತ್ತದೆ’ ಎಂಬ ಮಾತೂ ಇದರೊಡನೆ ರೂಢವಾಗುತ್ತಿದೆ. ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆಯಂತೆ ಹೊಲಗಳ ಮಗ್ಗುಲಲ್ಲಿಯೇ ಕೈಗಾರಿಕಾ ಪ್ರದೇಶವೆದ್ದಿರುವ ಊರುಗಳಲ್ಲಿ ಈ ಮಾತಿನ ಬಲವು ಹೆಚ್ಚು. ಕುಕ್ಕುರುಗಾಲಿನಲ್ಲಿ ಕುಳಿತು ಕಳೆ ಕಿತ್ತು ವಯಸ್ಸು ಕಳೆದವರಿಗೆ, ಕಾರ್ಖಾನೆಯ ಯಂತ್ರಗಳನ್ನು ಕಂಡ ಮಕ್ಕಳು ‘ಯಂತ್ರವು ತಪ್ಪುವುದಿಲ್ಲ’ ಎಂದು ಧೈರ್ಯ ಹೇಳುವುದು ಸಹಜ. ‘ಮನುಷ್ಯರ ಕೈಯಿಲ್ಲದೆ ಯಂತ್ರವೇ ಕೊಯ್ಯುವುದೇ?’ ಎಂದು ಹಿರಿಯರು ಅಂಜುವುದೂ ಸಹಜ. ಧೈರ್ಯ, ಭಯ ಎರಡಕ್ಕೂ ಮೂಲವೊಂದೇ; ಯಂತ್ರದಲ್ಲಿ ಕರ್ತೃತ್ವವನ್ನು ಆರೋಪಿಸುವುದು. ಆ ಆರೋಪವು ಯುಕ್ತವೇ ಎಂಬುದು ಪ್ರಕೃತ ವಿಚಾರ.

ಸುಶ್ರುತನು ಶಾರೀರಸ್ಥಾನದಲ್ಲಿ ಮೊಣಕಾಲಿನ ಸಂಧಿಯನ್ನು ಬೆರಳು, ಮಣಿಕಟ್ಟು, ಮೊಣಕೈಗಳೊಡನೆ ‘ಕೋರ’ವೆಂಬ ಜಾತಿಯಲ್ಲಿ ಸೇರಿಸಿರುವನು. ಎಣ್ಣೆ ಹಚ್ಚಿದ ಅಚ್ಚಿನ ಮೇಲೆ ಚಕ್ರವು ಸುಗಮವಾಗಿ ತಿರುಗುವಂತೆ ಶ್ಲೇಷ್ಮದಿಂದ ಕೂಡಿದ ಸಂಧಿಗಳು ಸುಗಮವಾಗಿ ನಡೆಯುವುವೆಂದೂ ಹೇಳಿರುವನು. ವಾತವು ಸಂಧಿಯನ್ನು ಹೊಕ್ಕಾಗ ಬಾವು ಮುಟ್ಟಿದರೆ ಗಾಳಿ ತುಂಬಿದ ತಿತ್ತಿಯಂತಿರುವುದೆಂದೂ, ಕಾಲನ್ನು ಮಡಿಸುವಾಗ ಚಾಚುವಾಗ ನೋವಾಗುವುದೆಂದೂ ಚರಕಸಂಹಿತೆಯು ತಿಳಿಸುತ್ತದೆ. ಎಲುಬುಗಳ ತುದಿಗೆ ಹೊದಿಕೆಯಾಗಿರುವ ನುಣುಪಾದ ಮೃದ್ವಸ್ಥಿಯು ಸವೆದು, ಎಲುಬಿಗೆ ಎಲುಬು ಉಜ್ಜುವುದರಿಂದ ಈ ಬಾಧೆಯುಂಟಾಗುವುದೆಂದು ಆಧುನಿಕ ವೈದ್ಯರ ಮತ. ಔಷಧ, ವ್ಯಾಯಾಮ, ದೇಹಭಾರದ ಇಳಿಕೆ ಇವುಗಳಿಂದ ಶಮನವಾಗದೆ ನಡಿಗೆಯು ಬಹಳ ಕಷ್ಟವಾಗುವ ಸ್ಥಿತಿಯಲ್ಲಿ ಶಸ್ತ್ರಕ್ರಿಯೆಯು ವಿಹಿತವಾದುದು.

ಈ ಕ್ರಿಯೆಯಲ್ಲಿ ಕಾಲನ್ನೇ ತೆಗೆಯುವುದೆಂಬ ಕಲ್ಪನೆಯು ಸಲ್ಲದು. ತೊಡೆಯ ಎಲುಬಿನ ಕೆಳತುದಿಯಿಂದಲೂ ಕೆಳಗಾಲಿನ ಎಲುಬಿನ ಮೇಲ್ತುದಿಯಿಂದಲೂ ತೆಳುವಾದ ಪದರವನ್ನು ಕತ್ತರಿಸಿ, ಅಲ್ಲಿ ಲೋಹದ ಕವಚಗಳನ್ನು ಕೂಡಿಸಿ, ನಡುವೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆಯನ್ನಿಡುವರು. ಲೋಹವು ಸಾಮಾನ್ಯವಾಗಿ ಕೋಬಾಲ್ಟ್ ಮತ್ತು ಕ್ರೋಮಿಯಂ ಇವುಗಳ ಮಿಶ್ರಣ. ಇದಕ್ಕೆ ಈಗಿನ ರೂಪವನ್ನು ಕೊಟ್ಟವರಲ್ಲಿ ೧೯೭೪ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಕೆಲಸಮಾಡುತ್ತಿದ್ದ ಜಾನ್ ಇನ್ಸಾಲ್ ಎಂಬ ವೈದ್ಯನು ಮುಖ್ಯನು. ಛೇದದ ಕೋನವು ತಪ್ಪದಿರುವುದು, ಕೀಲಿನ ಎರಡು ಪಕ್ಕಗಳ ಸ್ನಾಯುಬಂಧಗಳಲ್ಲಿ ಬಿಗಿತವು ಸಮನಾಗಿರುವುದು, ಇವೆರಡರಲ್ಲಿಯೇ ಕೌಶಲವೆಲ್ಲ ಅಡಗಿರುವುದು.

ಯಂತ್ರದ ಪ್ರವೇಶವು ಇಲ್ಲಿಯೇ. ಒಂದು ಬಗೆಯಲ್ಲಿ ಮುಂಚಿತವಾಗಿ ಸಿ.ಟಿ. ಚಿತ್ರವನ್ನು ತೆಗೆದು, ರೋಗಿಯ ಎಲುಬಿನ ಪ್ರತಿಕೃತಿಯನ್ನು ಗಣಕದಲ್ಲಿ ರಚಿಸಿ, ವೈದ್ಯನು ಛೇದದ ಯೋಜನೆಯನ್ನು ಮಾಡುವನು. ಶಸ್ತ್ರಕ್ರಿಯೆಯ ವೇಳೆ ಎರಡು ಎಲುಬುಗಳಿಗೂ ಸಣ್ಣ ಸಲಾಕೆಗಳಿಂದ ಗುರುತುಗಳನ್ನು ನಿಲ್ಲಿಸುವರು. ಕ್ಯಾಮೆರಾ ಆ ಗುರುತುಗಳನ್ನು ನೋಡುತ್ತಿರುವುದರಿಂದ ಕಾಲು ಕದಲಿದರೂ ಅದರ ಸ್ಥಾನವು ಗಣಕಕ್ಕೆ ತಿಳಿಯುವುದು. ವೈದ್ಯನು ಕಾಲನ್ನು ಮಡಿಸಿ ಚಾಚಿ ಬಿಗಿತವನ್ನು ಪರೀಕ್ಷಿಸಿ ಯೋಜನೆಯನ್ನು ತಿದ್ದುವನು. ಬಳಿಕ ಯಂತ್ರದ ತೋಳಿಗೆ ಕಟ್ಟಿದ ಗರಗಸವನ್ನು ಅವನೇ ಹಿಡಿದು ನಡೆಯಿಸುವನು. ಗೊತ್ತುಮಾಡಿದ ಎಲ್ಲೆಯನ್ನು ಗರಗಸವು ಮುಟ್ಟಿದೊಡನೆ ತೋಳು ಅದನ್ನು ತಡೆಯುವುದು. ಹೀಗೆ ಚಾಲನೆಯು ಕೈಯದು, ತಡೆ ಯಂತ್ರದ್ದು.

ಶಬ್ದವಿಚಾರವು ಇದಕ್ಕೆ ಅನುಕೂಲವಾಗಿದೆ. ‘ರೋಬೋ’ ಎಂಬುದರ ಮೂಲವಾದ ರೋಬಾಟ್ ಶಬ್ದವು ೧೯೨೦ರಲ್ಲಿ ಪ್ರಕಟವಾದ ಕಾರೆಲ್ ಚಾಪೆಕನ ‘ಆರ್.ಯು.ಆರ್.’ ನಾಟಕದಿಂದ ಬಂದುದು. ಸೂಚಿಸಿದವನು ಅವನ ಅಣ್ಣ ಯೋಸೆಫ್. ಚೆಕ್ ಭಾಷೆಯ ‘ರೋಬೋತಾ’ ಎಂದರೆ ಒಡೆಯನಿಗೆ ಕೂಲಿಯಿಲ್ಲದೆ ಮಾಡಬೇಕಾದ ದುಡಿಮೆ; ನಮ್ಮ ಶಾಸನಗಳ ‘ಬಿಟ್ಟಿ’, ಸಂಸ್ಕೃತದ ‘ವಿಷ್ಟಿ’. ಬಿಟ್ಟಿಯವನಿಗೆ ಸ್ವಾತಂತ್ರ್ಯವೆಲ್ಲಿಯದು? ‘ಯಂತ್ರ’ ಶಬ್ದವೂ ಸಂಕೋಚನಾರ್ಥಕವಾದ ‘ಯತ್ರಿ’ ಧಾತುವಿನಿಂದ ಬಂದು, ತಡೆದು ಹಿಡಿಯುವ ಸಾಧನವೆಂಬ ಅರ್ಥವನ್ನು ಕೊಡುವುದು. ಸುಶ್ರುತನು ೧೦೧ ಯಂತ್ರಗಳನ್ನೂ ೨೦ ಶಸ್ತ್ರಗಳನ್ನೂ ಬೇರೆಬೇರೆಯಾಗಿ ಎಣಿಸಿ, ಗರಗಸವನ್ನು ‘ಕರಪತ್ರ’ವೆಂಬ ಹೆಸರಿನಿಂದ ಶಸ್ತ್ರಗಳಲ್ಲಿಟ್ಟು, ಯಂತ್ರಗಳಲ್ಲೆಲ್ಲ ಹಸ್ತವೇ ಪ್ರಧಾನವೆಂದಿರುವನು, ಯಂತ್ರಗಳ ಕಾರ್ಯವೆಲ್ಲ ಹಸ್ತಾಧೀನವೆಂಬುದೇ ಅವನು ಕೊಡುವ ಹೇತು. ವೈಯಾಕರಣರ ಮತದಲ್ಲಿ ಸ್ವತಂತ್ರನಾದವನು ಕರ್ತೃ, ಕ್ರಿಯಾಸಿದ್ಧಿಗೆ ಅತ್ಯಂತ ಉಪಕಾರಕವಾದುದು ಕರಣ. ಆದುದರಿಂದ ‘ರೋಬೋ’ ಶಬ್ದಕ್ಕೆ ಇಲ್ಲಿ ತೃತೀಯಾವಿಭಕ್ತಿಯೇ ಉಚಿತ, ಪ್ರಥಮೆಯಲ್ಲ.

ಇಲ್ಲೊಂದು ಆಕ್ಷೇಪವು ಬರಬಹುದು. ೧೯೯೨ರಲ್ಲಿ ಅಮೆರಿಕದಲ್ಲಿ ಸೊಂಟದ ಕೀಲಿನ ಕ್ರಿಯೆಗೆ ಮೊದಲು ಬಳಸಿದ ‘ರೋಬೋಡಾಕ್’ ಯಂತ್ರವು ತಾನೇ ಎಲುಬನ್ನು ಕೊರೆಯುತ್ತಿತ್ತಲ್ಲವೇ? ನಿಜ. ಆದರೂ ಯೋಜನೆಯನ್ನು ಮಾಡುವ, ನಡುವೆ ನಿಲ್ಲಿಸುವ ಅಧಿಕಾರವು ವೈದ್ಯನದೇ ಆಗಿದ್ದಿತು. ಆ ಯಂತ್ರದಿಂದ ಮಾಡಿದ ಮೊಣಕಾಲಿನ ಕ್ರಿಯೆಗಳನ್ನು ಬರಿಗೈಯಿಂದ ಮಾಡಿದವುಗಳೊಡನೆ ಹತ್ತು ವರ್ಷಗಳಿಗೆ ಕಡಮೆಯಿಲ್ಲದಂತೆ ಕೊರಿಯಾ ದೇಶದಲ್ಲಿ ಹೋಲಿಸಿ ನೋಡಿದ ಪರೀಕ್ಷೆಯು ೨೦೨೦ರಲ್ಲಿ ಪ್ರಕಟವಾಯಿತು. ನಡಿಗೆಯ ಗುಣದಲ್ಲಿಯಾಗಲಿ ಕೀಲಿನ ಬಾಳಿಕೆಯಲ್ಲಿಯಾಗಲಿ ಭೇದವು ಕಾಣಲಿಲ್ಲ. ಯಂತ್ರಸಹಾಯದಿಂದ ಛೇದದ ನಿಖರತೆಯು ಹೆಚ್ಚುವುದೆಂಬುದು ಸಿದ್ಧವಾದುದು. ಆ ನಿಖರತೆಯಿಂದಲೇ ರೋಗಿಯ ಸುಖವು ಬಹುಕಾಲ ಹೆಚ್ಚುವುದೆಂಬುದು ಇನ್ನೂ ಸಿದ್ಧವಾಗಿಲ್ಲ. ಇಷ್ಟರ ಮೇಲೆ, ೨೦೧೯ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಗಣನೆಯಂತೆ, ಮೊಣಕಾಲಿನ ಪೂರ್ಣ ಕೃತಕ ಕೀಲುಗಳಲ್ಲಿ ನೂರಕ್ಕೆ ಸುಮಾರು ೮೨ ಇಪ್ಪತ್ತೈದು ವರ್ಷ ಬಾಳುವುವು.

ಈ ವಿವೇಕವು ಕೇವಲ ಪಂಡಿತರ ವಿನೋದವಲ್ಲ. ಭಾರತ ಸರ್ಕಾರವು ೨೦೧೭ನೆಯ ಆಗಸ್ಟಿನಲ್ಲಿ ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ೫೪,೭೨೦ ರೂಪಾಯಿಗಳ ಪರಮಾವಧಿಯನ್ನು ವಿಧಿಸಿತು. ಅದು ಕೀಲಿನ ಬೆಲೆಗೆ ಹಾಕಿದ ಕಟ್ಟೇ ಹೊರತು ಯಂತ್ರದ ಬಳಕೆಗೆ ಹಾಕಿದುದಲ್ಲ. ಯಂತ್ರವೇ ಕರ್ತೃವೆಂದು ನಂಬಿದವನು ಅದಕ್ಕಾಗಿ ಹೊಲವನ್ನು ಅಡವಿಡಲೂ ಹಿಂಜರಿಯನು. ಯಂತ್ರವು ಕರಣವೆಂದು ಅರಿತವನು, ಈ ವೈದ್ಯರು ಇಂತಹ ಕ್ರಿಯೆಗಳನ್ನು ಎಷ್ಟು ಮಾಡಿರುವರು, ಯಂತ್ರವು ನಡುವೆ ಕೆಟ್ಟರೆ ಬರಿಗೈಯಿಂದ ಮುಗಿಸಬಲ್ಲರೇ, ಅನಂತರದ ವ್ಯಾಯಾಮಕ್ಕೆ ವ್ಯವಸ್ಥೆಯೇನು ಎಂದು ಮೊದಲು ಕೇಳುವನು. ಮಕ್ಕಳಿಗೆ ಕಾರಕಗಳನ್ನು ಬೋಧಿಸುವ ಉಪಾಧ್ಯಾಯರು ಈ ಉದಾಹರಣೆಯನ್ನು ಪಾಠಕ್ಕೆ ತೆಗೆದುಕೊಳ್ಳಬಹುದು. ಆ ಪಾಠವು ಮಕ್ಕಳ ಮೂಲಕ ಮನೆಯ ಹಿರಿಯರಿಗೂ ಮುಟ್ಟುವುದು.